ಅಣ್ಣನ ನಾಲಿಗೆಗೆ ಕಾವಲು

ಅಣ್ಣನಿಗೆ ಬಾಯಿ ಕ್ಯಾನ್ಸರಿನ ಆಪರೇಷನ್ ನಡೆಯುತ್ತಿದ್ದಾಗ ಅತ್ತಿಗೆ ಕೈಮುಗಿದು ಕೂತಿದ್ದರು. ನಾನೂ ಮುಗಿದಿದ್ದೆ. ಅವರಿಗೆ ಗಂಡ ಬೇಕಿತ್ತು, ನನಗೆ ಅವನ ನಾಲಿಗೆ.

ಒಂಬತ್ತು ವರ್ಷದ ಹಿಂದೆ, ಮರೆವಿನ ಕಾಯಿಲೆಯ ನಮ್ಮಮ್ಮ ತೆರೆದ ಬಾಗಿಲಿನಿಂದ ಬೀದಿಗಿಳಿದು ಲಾರಿಗೆ ಸಿಕ್ಕಳು. ನಾನು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದೆ. ಆಮೇಲೆ ಕೊನೆಯದಾಗಿ ಮನೆಯಿಂದ ಹೊರಟವನು, ಬಾಗಿಲು ಹಾಕದೆ ಹೋದವನು ಅಣ್ಣ. ಹೆಣ ಮನೆಗೆ ಬರುವ ಮೊದಲೇ "ತಂಗಿ ಚಿಲಕ ಹಾಕಿರಲಿಲ್ಲ" ಎಂದು ಡಂಗುರ ಸಾರಿದ್ದ. ಅಂದಿನಿಂದ ನೆಂಟರ ಮನೆಯಲ್ಲಿ ನನಗೆ ಒಂದು ಲೋಟ ನೀರು ಹುಟ್ಟಿಲ್ಲ. ದೊಡ್ಡಪ್ಪನಂತೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

"ಅರ್ಧ ನಾಲಿಗೆ ತೆಗೆದು, ಕೈಯಿಂದ ಮಾಂಸ ತಂದು ತೇಪೆ ಹಾಕಿದ್ದೀವಿ," ಎಂದರು ಡಾಕ್ಟರು. "ಜೊಲ್ಲು ಹೊಲಿಗೆಯೊಳಗೆ ನುಗ್ಗಿ ಕುತ್ತಿಗೆಯಿಂದ ಸೋರಿದ್ರೆ ತೇಪೆ ಕೊಳೆಯುತ್ತೆ. ಆಮೇಲೆ ಮಾತು ಮರೆತುಬಿಡಿ."

ಅಣ್ಣನಿಗೆ ಅಕ್ಷರ ಬಾರದು, ಬರೆದುಕೊಡು ಎನ್ನುವ ಹಾಗಿಲ್ಲ. ಸತ್ಯ ಹೊರಬರಬೇಕಾದರೆ ಆ ತೇಪೆ ಉಳಿಯಬೇಕು.

ಕಾವಲಿಗೆ ಕೂತೆ. ಬಾಯಿಗೆ ಏನೂ ಇಲ್ಲ, ಊಟವೆಲ್ಲ ಮೂಗಿನ ಕೊಳವೆಯಲ್ಲಿ. ಜೊಲ್ಲು ಕಡಿಮೆ ಮಾಡುವ ಔಷಧಿ, ಬಂದಷ್ಟನ್ನು ಎಳೆದು ತೆಗೆಯುವ ಮೆಷೀನು, ಗದ್ದದ ಕೆಳಗೆ ಬಿಗಿ ಬ್ಯಾಂಡೇಜು. ಬಾಯಲ್ಲಿ ನೀರೂರುತ್ತದೆಂದು ಹುಳಿ ಪದಾರ್ಥ ಕಣ್ಣಿಗೂ ಬೀಳಬಾರದು, ಮೂಗಿಗೂ ತಾಕಬಾರದು.

"ತಂಗಿ ಅಂದ್ರೆ ಹೀಗಿರ್ಬೇಕು," ಎಂದಳು ನರ್ಸ್. ನಾನು ಅಣ್ಣನ ಕಿವಿಗೆ ಬಗ್ಗಿ, "ನಿನ್ನ ಸಾಯೋಕ್ಕೂ ಬಿಡಲ್ಲ, ಮೂಕ ಆಗೋಕ್ಕೂ ಬಿಡಲ್ಲ. ದೊಡ್ಡಪ್ಪನ ಮುಂದೆ ನಿಜ ಹೇಳಿಸ್ತೀನಿ," ಎಂದೆ. ಅವನು ಕಣ್ಣು ಮುಚ್ಚಿಕೊಂಡ.

ನಾಲ್ಕನೇ ದಿನ ಮಧ್ಯಾಹ್ನ ಬ್ಯಾಂಡೇಜು ಒದ್ದೆಯಾಯಿತು. ಪಕ್ಕದ ಹಾಸಿಗೆಯವನು ಕಿತ್ತಳೆ ಸುಲಿಯುತ್ತಿದ್ದ. ಅವನ ಜನ್ಮ ಜಾಲಾಡಿ ಹಣ್ಣಿನ ಸಮೇತ ಹೊರಗೆ ಅಟ್ಟಿದೆ. ಐದನೇ ದಿನ ಮತ್ತೆ ಒದ್ದೆ, ಅದೂ ನಾನು ಬಂದು ಕೂತ ಮೇಲೆಯೇ. ನರ್ಸ್ ನನ್ನ ತೋಳು ಮೂಸಿದಳು.

"ಎಲ್ಲಿ ಕೆಲ್ಸ ನಿಮ್ಗೆ?"

"ನಿಂಬೆರಸ ಬಾಟ್ಲಿಗೆ ತುಂಬೋ ಕಾರ್ಖಾನೇಲಿ."

"ಊರವರಿಗೆಲ್ಲ ಬೈದ್ರಲ್ಲಮ್ಮಾ, ನಡೆದಾಡೋ ನಿಂಬೆಹಣ್ಣು ನೀವೇ!"

ಹದಿನಾಲ್ಕು ವರ್ಷ ನಿಂಬೆ ಕೊಯ್ದ ಕೈ. ಆ ವಾಸನೆ ನನ್ನ ಮೂಗಿಗೆ ಸತ್ತೇ ಹೋಗಿತ್ತು. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದು, ನನ್ನ ಸೇಡಿಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ರಜೆ ಕೇಳಿದೆ. "ಹೋದ್ರೆ ವಾಪಸ್ ಬರ್ಬೇಡ," ಎಂದ ಮೇಸ್ತ್ರಿ. ಬರುವುದಿಲ್ಲ ಎಂದು ಏಪ್ರನ್ ಬಿಚ್ಚಿ ಅವನ ಮುಂದೆಯೇ ಎಸೆದು ಬಂದೆ. ಚರ್ಮ ಸುಲಿಯುವಷ್ಟು ಸೋಪು ತಿಕ್ಕಿದೆ. ಎಂಟನೇ ದಿನದಿಂದ ಬ್ಯಾಂಡೇಜು ಒಣಗಿಯೇ ಇತ್ತು.

ಹದಿಮೂರನೇ ದಿನ ಡಾಕ್ಟರು, ಹೊಲಿಗೆ ಕೂಡಿದೆ, ಮೆಲ್ಲಗೆ ಮಾತಾಡಲಿ ಎಂದರು. ಅತ್ತಿಗೆ, ದೊಡ್ಡಪ್ಪ ಇಬ್ಬರನ್ನೂ ಕರೆಸಿದೆ. ಅಣ್ಣ ನನ್ನ ಮುಖ ನೋಡಿದ, ಆಮೇಲೆ ದೊಡ್ಡಪ್ಪನ ಮುಖ. ಬಾಯಿ ತೆರೆದ.

ಹೇಳಿದ. ದೇವರಾಣೆಗೂ ಹೇಳಿದ. ಬಾಗಿಲು ಹಾಕದೆ ಹೋದವನು ನಾನೇ, ತಂಗಿ ಮೇಲೆ ಸುಳ್ಳು ಹೊರಿಸಿದೆ ಎಂದ. ಹದಿಮೂರು ದಿನ ಅವನ ಒಂದೊಂದು ಉಸಿರು, ಒಂದೊಂದು ನರಳಾಟ ಕಾದವಳಿಗೆ ಅದು ನೀರಿನಷ್ಟು ಸ್ಪಷ್ಟವಾಗಿ ತಿಳಿಯಿತು. ಉಳಿದಿಬ್ಬರಿಗೆ ಕೇಳಿಸಿದ್ದು ಬರೀ ಗೊಳಗೊಳ ಸದ್ದು.

"ಏನಂದ?" ಎಂದರು ಅತ್ತಿಗೆ.

ನಾನು ಹೇಳಿದೆ.

ದೊಡ್ಡಪ್ಪ ಕೆಂಡವಾದರು. "ಅಮ್ಮನ್ನ ತಿಂದಿದ್ದು ಸಾಲ್ದಾ? ಈಗ ಬಾಯಿ ಸತ್ತವನ ಬಾಯಿಗೆ ನಿನ್ನ ಮಾತು ತುರುಕ್ತೀಯಾ?"

ನಾನು ಅಣ್ಣನತ್ತ ತಿರುಗಿದೆ. ಬಿಗಿ ಹೊಲಿಗೆಯ ಕುತ್ತಿಗೆ ಹೌದೆಂದೂ ಆಡಲಿಲ್ಲ, ಇಲ್ಲವೆಂದೂ ಆಡಲಿಲ್ಲ. ಹೇಳಿದ್ದಾಯಿತಲ್ಲ ಎನ್ನುವಂತೆ ಹಾಯಾಗಿ ದಿಂಬಿಗೆ ಒರಗಿದ. ಒಂಬತ್ತು ವರ್ಷದ ಭಾರ ಅವನದು ಇಳಿದಿತ್ತು. ನನ್ನದು ಇದ್ದಲ್ಲೇ ಇತ್ತು.

ಇಬ್ಬರೂ ಹೊರಟುಹೋದರು. ನಾನು ಕುರ್ಚಿಯನ್ನು ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಅವನ ಭುಜ ಅಲುಗಿಸಿ ಎಬ್ಬಿಸಿದೆ.

"'ಬಾ' ಅನ್ನೋದು ಚೆನ್ನಾಗೇ ಬರ್ತಿದೆ ಅಣ್ಣ. ಈಗ 'ಗಿಲು' ಅನ್ನು. ಬರೋವರೆಗೂ ನಾನು ಏಳಲ್ಲ."