ಮೇಲಿನ ಹಳ್ಳದ ನೀರು

"ಲೇ ಬೋಳಿಮಗನೆ, ಈ ಗುಂಡಿ ನೀರು ತುಂಬು ಅಂತ ಯಾವನು ಹೇಳ್ದ ನಿಂಗೆ? ಚೆಲ್ಲು! ಮೇಲಿನ ಹಳ್ಳದ್ದು ತಗೊಂಬಾ!"

ಮ್ಯಾನೇಜರ್ ಬೂಟುಗಾಲಲ್ಲಿ ಒದ್ದ ಏಟಿಗೆ ಬಾಟಲಿಗಳು ಉರುಳಿದವು. ಗಣಿಯ ಕೂಲಿಯಾಳು ಒಂದೊಂದನ್ನೇ ಆರಿಸಿಕೊಂಡು, ಗಣಿಯ ಕೊಳೆ ಸೋಕದ ಹಳ್ಳಕ್ಕೆ ಹೋಗಿ ತುಂಬಿ ತಂದ. ಕಲ್ಲಿದ್ದಲು ಬರಿದಾಗಿತ್ತು. ಗುಂಡಿ ಮುಚ್ಚಿದ ಮೇಲೆ ಕೆಳಗಿನ ಕೇರಿಯ ಬಾವಿ ನೀರು ಹೇಗಾಗುತ್ತದೆ ಎಂದು ಪಟ್ಟಣದ ಪ್ರಯೋಗಾಲಯದವರು ಆ ಬಾಟಲಿಗಳನ್ನು ಪರೀಕ್ಷಿಸಿ ಮುಂಚಿತವಾಗಿ ಹೇಳಬೇಕಿತ್ತು. ಆ ಕೇರಿಯಲ್ಲೇ ಅವನ ಅಕ್ಕನ ಮನೆ.

"ಬಾಯಿ ಮುಚ್ಕೊಂಡಿದ್ರೆ, ನಾಳೆ ಗುಂಡಿ ಮುಚ್ಚಿದ್ಮೇಲೆ ಇಲ್ಲಿ ಹುಲ್ಲು-ಗಿಡ ಕಾಯೋ ಕೆಲ್ಸ ನಿಂದೇ."

ಅವನು ಬಾಯಿ ಮುಚ್ಚಿಕೊಂಡ.

ನೀರಿಗೇನೂ ಆಗುವುದಿಲ್ಲ ಎಂದು ವರದಿ ಬಂತು. ಇನ್ಯಾರ ಹೆದರಿಕೆ? ಮಳೆ ನೀರು ತಾಗಿದರೆ ಆಮ್ಲ ಬಿಡುವ, ಸುಣ್ಣ ಬೆರೆಸಿ ಆಳದಲ್ಲಿ ಹೂಳಬೇಕಿದ್ದ ಗಣಿಯ ಕರಿಕಲ್ಲನ್ನು ಲಾರಿಗಳು ಸಿಕ್ಕಸಿಕ್ಕಲ್ಲಿ ಸುರಿದವು. ಮೇಲೆ ಗೇಣು ಮಣ್ಣು, ಅದರ ಮೇಲೆ ಹಸಿರು ಹುಲ್ಲು. ಅವನು ಆ ಹುಲ್ಲಿಗೆ ನೀರು ಹಾಯಿಸಿಕೊಂಡಿದ್ದ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೇರಿಯ ಬಾವಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಬುತ್ತಿ ತಂದ ಅಕ್ಕ ಕೈ ಚಾಚಿ ತೋರಿಸಿದಳು. ಮೊಣಕೈವರೆಗೆ ಚರ್ಮ ಸುಲಿದಿತ್ತು.

"ಆ ನೀರಿಗೆ ಕೈಯಿಟ್ರೆ ಉರಿ ಕಣೋ. ಕೂಸಿಗೆ ಕುಡಿಸಿದ್ರೆ ಕಕ್ಕತ್ತೆ. ಪರೀಕ್ಷೆಗೆ ನನ್ನ ತಮ್ಮನೇ ತುಂಬಿಕೊಟ್ಟ ನೀರು, ಮೋಸ ಇರಲ್ಲ ಅಂತ ಎಲ್ಲರ್ಗೂ ಹೇಳಿದ್ನಲ್ಲೋ. ಹೀಗ್ಯಾಕಾಯ್ತು, ತಮ್ಮಾ?"

ಅವನು ಬುತ್ತಿಯನ್ನು ಪಕ್ಕಕ್ಕಿಟ್ಟ.

"ಗೊತ್ತಿಲ್ಲಕ್ಕಾ."

ಅವಳು ನಂಬಿದಳು. ಬೈದಿದ್ದರೇ ವಾಸಿಯಿತ್ತು.

ಮುಚ್ಚಿದ ಗಣಿಯ ನೆಲ ಸರಿಹೋಗಿದೆ ಎಂದು ಒಪ್ಪಿಗೆ ಕೊಡಲು ಸರ್ಕಾರಿ ಅಧಿಕಾರಿ ಬಂದ ದಿನ ಕೇರಿಯವರು ಬೇಲಿಯಾಚೆ ಬಂದು ನಿಂತರು.

"ಬಾವಿ ಕೆಟ್ಟಿರೋದು ನಿಮ್ಮ ಕೊಳಕಿಂದ!" ಮ್ಯಾನೇಜರ್ ಕೂಗಿದ. "ಅಲ್ಲೇ ಬಟ್ಟೆ ಒಗೀತೀರಿ, ಅಲ್ಲೇ ದನ ತೊಳೀತೀರಿ. ಹೊಲಸು ಮುಂಡೇವು!"

ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದು ತಲೆಯಾಡಿಸಿದ. ಅಕ್ಕ ಸುಲಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ತಪ್ಪು ತನ್ನದೇ ಎನ್ನುವ ಹಾಗೆ.

ಅವನಿಗೆ ನೋಡಲಾಗಲಿಲ್ಲ. ಗುದ್ದಲಿ ಎತ್ತಿ ಹುಲ್ಲಿನ ಮೇಲೆ ಬೀಸಿದ. ನಾಲ್ಕು ಏಟು ಬೀಳುವುದರೊಳಗೆ ಕರಿಕಲ್ಲು ಮೇಲೆದ್ದಿತು. ಅದರ ಬುಡದಿಂದ ಕೆಂಪು ನೀರು ಜಿನುಗಿತು.

"ಏಯ್ ಸೂಳೆಮಗನೆ, ನಿಲ್ಸೋ!"

"ಅವತ್ತು ಬಾಟ್ಲಿಗೆ ಹಳ್ಳದ ನೀರು ತುಂಬಿದ್ದು ನಾನೇ," ಎಂದ ಅವನು. ಅಧಿಕಾರಿಯ ಕಡೆಗಲ್ಲ, ಅಕ್ಕನ ಕಡೆಗೆ ತಿರುಗಿ. "ಗೊತ್ತಿದ್ದೇ ತುಂಬ್ದೆ."

ಅಕ್ಕ ಬೇಲಿ ದಾಟಿ ಬಂದಳು. ಹೊಡೆಯಲಿ ಎಂದು ಅವನು ಕೆನ್ನೆಯೊಡ್ಡಿ ನಿಂತ. ಅವಳು ಅವನ ಮುಖವನ್ನೂ ನೋಡಲಿಲ್ಲ. ಗುದ್ದಲಿ ಕಿತ್ತುಕೊಂಡು, ಅವನಿಗೆ ಬೆನ್ನು ಹಾಕಿ, ಹುಲ್ಲನ್ನು ಅಗೆಯತೊಡಗಿದಳು.