ಪಡುವಣ ಗೋಡೆಗೆ ಬೆನ್ನು ಕೊಟ್ಟವರು

ಮನೆಯ ಗೋಡೆಯನ್ನು ಸಂಜೀವಯ್ಯನವರು ಕಣ್ಣಿನಿಂದ ಪರೀಕ್ಷಿಸುವುದಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಭಾಗವನ್ನು ಅದಕ್ಕೆ ಆನಿಸಿ, ಕಣ್ಣು ಮುಚ್ಚಿ, ಬೀದಿಯಲ್ಲಿ ಯಾರು ನಕ್ಕರೂ ಲೆಕ್ಕಿಸದೆ ನಿಂತುಬಿಡುತ್ತಾರೆ. ಹನುಮಂತನಗರದ ಈ ಹಿರಿಯ ಮೇಸ್ತ್ರಿ ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ, ಬೇಸಿಗೆಯಲ್ಲೂ ಕಂದು ಕೋಟು ಬಿಡುವುದಿಲ್ಲ, "ಒಳ್ಳೇದೇ, ಆದ್ರೆ..." ಎನ್ನದೆ ಯಾವ ಮಾತನ್ನೂ ಆರಂಭಿಸುವುದಿಲ್ಲ.

ಚಿಕ್ಕಲಸಂದ್ರದ ನಮ್ಮ ಮನೆಯ ಪಡುವಣ ಕೋಣೆ ಅಮ್ಮನದು. ಮಧ್ಯಾಹ್ನದ ಬಿಸಿಲಿಗೆ ಅದರ ಗೋಡೆ ಕಾದ ಹೆಂಚು. ಎಸಿ ಹಾಕಿದರೆ ಅವಳಿಗೆ ಕೀಲುನೋವು. ಎಂಬತ್ತರ ಅಮ್ಮ ಚಾಪೆ ಎಳೆದುಕೊಂಡು ಹಾಲ್‌ಗೆ ಬಂದು, ಕೊರಿಯರಿನವರೆದುರು ಸೆರಗು ಸರಿಪಡಿಸಿಕೊಳ್ಳುತ್ತ ಮಲಗುವುದನ್ನು ದಿನವೂ ಕಾಣುತ್ತಿದ್ದೆ. ಆಗ ಕಿವಿಗೆ ಬಿದ್ದದ್ದು ವೆಂಟಿಲೇಟೆಡ್ ಫಸಾಡ್ ಎಂಬ ಹೆಸರು: ಗೋಡೆಯಿಂದ ಎರಡಿಂಚು ದೂರದಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ ಟೈಲ್ಸ್ ಕೂರಿಸಿ, ನಡುವೆ ಗಾಳಿ ಮೇಲೇರಲು ದಾರಿ ಬಿಡುವ ಹೊರಹೊದಿಕೆ. ಆದರೆ ನಿಜ ಹೇಳಬೇಕು, ಊರಿಗೆಲ್ಲ ಹಿಡಿದಿರುವ ಎಲಿವೇಶನ್ ಹುಚ್ಚು, ಮನೆಯ ಮುಖ ಸಿಂಗರಿಸುವ ಹುಚ್ಚು, ನನ್ನನ್ನೂ ಬಿಟ್ಟಿರಲಿಲ್ಲ. ಮನೆಯ ಮುಂಭಾಗಕ್ಕೆ ಈ ವರ್ಷ, ಅಮ್ಮನ ಗೋಡೆಗೆ ಮುಂದಿನ ವರ್ಷ ಎಂದುಕೊಂಡಿದ್ದೆ.

ಈ ಹೊದಿಕೆ ಕೂರಿಸುವ ಸಂಜೀವಯ್ಯನವರನ್ನು ಕರೆಸಿದೆ; ಅವರು ಸುಲಭಕ್ಕೆ ಹೂಂ ಎನ್ನಲಿಲ್ಲ. ಮೂರು ಗಂಟೆಯ ಬಿಸಿಲಿಗೇ ಬಂದು, ಅಮ್ಮನ ಕೋಣೆಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು, ಕೋಟನ್ನೂ ಬಿಚ್ಚದೆ ಒಂದು ಗಂಟೆ ಕುಳಿತರು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಬಂದಾಗ ಅವರ ಕತ್ತಿನಲ್ಲಿ ಬೆವರಿಳಿಯುತ್ತಿತ್ತು.

"ಒಳ್ಳೇದೇ ಸಾರ್, ಆದ್ರೆ ಕಷ್ಟಾನೂ ಕೇಳ್ಬಿಡಿ. ಸಂದಿಗೆ ಜಾಲರಿ ಸರಿಯಾಗಿ ಹಾಕ್ದಿದ್ರೆ ಇಲಿ, ಹಲ್ಲಿ ಸಂಸಾರ ಹೂಡ್ತವೆ. ಒಂದು ಟೈಲ್ಸ್ ಒಡೆದ್ರೆ ಅದೇ ಬಣ್ಣ ಆಮೇಲೆ ಸಿಗಲ್ಲ. ಪಕ್ಕದ ಓಣಿ ಅಷ್ಟು ಕಿರಿದಾಗುತ್ತೆ. ಬಿಸಿಲು ತಡೆಯುತ್ತೆ, ಮಳೆ ಎರಚಲು ಗೋಡೆ ಮುಟ್ಟಲ್ಲ, ಅದು ನಿಜ. ಆದ್ರೆ ಮುಂದುಗಡೆ ಹೊಂಗೆ ಮರಾನೇ ನೆರಳು ಕೊಡ್ತಿದೆ. ಅಲ್ಲಿಗ್ಯಾಕೆ?"

"ಚೆನ್ನಾಗಿ ಕಾಣುತ್ತಲ್ಲ," ಎಂದೆ.

"ಕಾಣೋದು ರೋಡಲ್ಲಿ ಹೋಗೋರಿಗೆ ಸಾರ್. ಬೇಯ್ತಿರೋರು ಅಮ್ಮ."

ಹಾಗಾದರೆ ಅಮ್ಮನ ಗೋಡೆಗೇ ಮಾಡಿ ಎಂದೆ. ಅವರು ಮುಂಭಾಗದ ದೊಡ್ಡ ಕೆಲಸ ಬಿಟ್ಟು ಅದೊಂದೇ ಗೋಡೆಯನ್ನು ಹಿಡಿದರು. ಜಾಲರಿಯನ್ನು ತಾವೇ ಕೂತು ಬಿಗಿದರು. ಈ ಏಪ್ರಿಲ್‌ನಲ್ಲಿ ಅಮ್ಮ ತನ್ನ ಕೋಣೆಯಲ್ಲೇ ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತಿದ್ದಾಳೆ. ಆ ಮನುಷ್ಯನ ಋಣ ನನ್ನ ಮೇಲಿದೆ. ಹಾಗೆಂದು ಹೇಳಹೋದರೆ, ವರ್ಷಕ್ಕೊಮ್ಮೆ ಸಂದಿ ತೊಳೆಸಲು ಮರೆಯಬೇಡಿ ಎಂದು ಹೊರಟೇಬಿಟ್ಟರು.

ತಾವು ಮಾರುವ ಸರಕಿನ ಕುಂದನ್ನು ತಾವೇ ಮೊದಲು ಹೇಳುವ ಜನ ವ್ಯಾಪಾರದಲ್ಲಿ ಗೆದ್ದದ್ದು ಕಡಿಮೆ. ಆದರೆ ಬೇಡ ಎನ್ನಬಲ್ಲವರು ಬೇಕು ಎಂದಾಗ ಆ ಮಾತನ್ನು ನಂಬಿ ಮನೆ ಕಟ್ಟಬಹುದು. ಹೆತ್ತವಳ ಸಂಕಟವನ್ನು ಮಗ ಮುಂದಿನ ವರ್ಷಕ್ಕೆ ತಳ್ಳಬಲ್ಲ; ಇಂಥವರು ಒಂದು ದಿನವೂ ತಳ್ಳಲಾರರು.