ಅತ್ತಿಗೆಯ ಕೋಶಗಳು

ಎಲೆಯ ಕಷಾಯ ಬೆರೆಯುತ್ತಿದ್ದಂತೆ ಗಾಜಿನ ಕುಪ್ಪಿಯಲ್ಲಿದ್ದ ತಿಳಿಹಳದಿ ನೀರು ಮೊದಲು ಮಂಕಾಯಿತು, ಆಮೇಲೆ ಮೆಲ್ಲಮೆಲ್ಲಗೆ ಮಾಣಿಕ್ಯದ ಕೆಂಪಿಗೆ ತಿರುಗಿತು. ನೀರಿನಲ್ಲಿ ಕರಗಿದ್ದ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಎಲೆಯ ಸಾರವನ್ನು ಮೈಗೆ ಹೊದ್ದುಕೊಂಡು ತೇಲತೊಡಗಿತ್ತು. ಎಷ್ಟು ಸಲ ಮಾಡಿದರೂ ಗುಬ್ಬಿಗೆ ಇದು ಕನಸಿನಲ್ಲಿ ನಡೆದ ಹಾಗೆಯೇ ಅನಿಸುತ್ತಿತ್ತು.

ಗುಬ್ಬಿ ಎಂದರೆ ಪ್ರಯೋಗಾಲಯದಲ್ಲಿ ಯಾರಿಗೂ ಗೊತ್ತಾಗದು. ಆ ಹೆಸರು ಅತ್ತಿಗೆಯ ಬಾಯಲ್ಲಿ ಮಾತ್ರ. ತಾಯಿಯಿಲ್ಲದ ನಾದಿನಿಯನ್ನು ತುತ್ತಿಟ್ಟು ಬೆಳೆಸಿದ ಆ ಅತ್ತಿಗೆಯ ಎದೆಯಲ್ಲಿ ಈಗ ಗಡ್ಡೆ. ವೈದ್ಯರು ಪರೀಕ್ಷೆಗೆ ತೆಗೆದ ಚೂರಿನಲ್ಲಿ ಉಳಿದದ್ದನ್ನು ಅತ್ತಿಗೆ ತಾವೇ ಹೇಳಿ ಗುಬ್ಬಿಯ ಪ್ರಯೋಗಕ್ಕೆ ಕೊಡಿಸಿದ್ದರು. ಹಾಗಾಗಿ ಗುಬ್ಬಿ ದಿನವೂ ಕೋಶಗಳನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆ ತೆರೆದು ಅತ್ತಿಗೆಯ ಕ್ಯಾನ್ಸರ್ ಕೋಶಗಳಿಗೆ ಉಣಬಡಿಸುತ್ತಾಳೆ. ಮನೆಯಲ್ಲಿ ಅತ್ತಿಗೆಗೆ ಒಂದು ತುತ್ತೂ ಸೇರುವುದಿಲ್ಲ. ಈ ಪೀಡೆಗಳು ಇಲ್ಲಿ ತಿಂದು ಕೊಬ್ಬುತ್ತಿವೆ. ಆದರೂ ಬೈಯಲು ಬಾಯಿ ಬರುವುದಿಲ್ಲ. ಅವೂ ಅತ್ತಿಗೆಯವೇ ತಾನೆ!

ಕಷ್ಟ ಬೇರೆಯೇ ಇತ್ತು. ಅತ್ತಿಗೆ ಹಠ ಹಿಡಿದಿದ್ದರು. "ನನ್ನ ಗುಬ್ಬಿ ಔಷಧಿ ಮಾಡ್ತಿದಾಳೆ, ನಿಮ್ಮ ಕತ್ತರಿ ಯಾಕೆ?" ಎಂದು ಡಾಕ್ಟರಿಗೇ ಹೇಳಿ, ಆಪರೇಷನ್ನನ್ನು ಮುಂದೂಡುತ್ತಲೇ ಬಂದಿದ್ದರು. ಗುಬ್ಬಿ ಎಷ್ಟು ತಿಳಿಹೇಳಿದರೂ, "ಮೊದ್ಲು ನಿನ್ನ ಕೆಂಪು ನೀರು ಏನು ಮಾಡುತ್ತೋ ನೋಡೋಣ" ಎಂಬ ಒಂದೇ ಮಾತು.

ಆ ಕೆಂಪು ನೀರನ್ನು ಕೋಶಗಳಿಗೆ ಹನಿಸಿದ ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳ ಎದೆ ಹಿಗ್ಗಿತು. ಕ್ಯಾನ್ಸರ್ ಕೋಶಗಳು ತಳದ ಹಿಡಿತ ಬಿಟ್ಟು, ದುಂಡಗಾಗಿ, ಕೆಂಪು ಮಬ್ಬಿನಲ್ಲಿ ತೇಲುತ್ತಿದ್ದವು. ಸತ್ತಿದ್ದವು! ಪಕ್ಕದ ತಟ್ಟೆಯಲ್ಲಿ ಅದೇ ಚೂರಿನಿಂದ ಬೇರ್ಪಡಿಸಿದ, ಅತ್ತಿಗೆಯದೇ ಆರೋಗ್ಯವಂತ ಕೋಶಗಳಿದ್ದವು; ಅವಕ್ಕೂ ಅದೇ ನೀರು ಹಾಕಿದ್ದಳು. ಅವನ್ನೂ ನೋಡಿದಳು. ಅವೂ ಅಷ್ಟೇ ಶಾಂತವಾಗಿ ತೇಲುತ್ತಿದ್ದವು. ಆ ಚೆಂದದ ನೀರು ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಕೊಂದಿತ್ತು.

ಸಂಜೆ ಅವಳು ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು.

"ಸತ್ತವಾ ಗುಬ್ಬಿ?"

ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! ಆ ಮುಖದ ಬೆಳಕು ಇನ್ನಷ್ಟು ದಿನ ಉಳಿಯುತ್ತಿತ್ತು. ಗಡ್ಡೆಯೂ ಬೆಳೆಯುತ್ತಿತ್ತು.

"ಸತ್ತವು ಅತ್ತಿಗೆ. ಆದ್ರೆ ಒಳ್ಳೆಯವೂ ಸತ್ತವು. ಇದು ಔಷಧಿ ಆಗೋಕೆ ವರ್ಷಗಟ್ಟಲೆ ಬೇಕು. ಆಗದೆಯೂ ಹೋಗಬಹುದು. ಅಷ್ಟು ಕಾಯೋಕೆ ನಿಮಗೆ ಆಗಲ್ಲ."

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿದರು.

"ಆಪರೇಷನ್ ಅಂದ್ರೆ ನನಗೆ ಭಯ ಕಣೇ," ಎಂದರು. "ನಿನ್ನ ಔಷಧಿ ಬರೀ ನೆಪ."

ಗುಬ್ಬಿ ಅವರನ್ನು ಬಿಗಿಯಾಗಿ ತಬ್ಬಿಕೊಂಡಳು. "ನಾನಿರ್ತೀನಿ ಅತ್ತಿಗೆ."

"ಒಳಗೆ ಬಿಡಲ್ಲ ನಿನ್ನ."

"ಹೊರಗೇ ಕೂತಿರ್ತೀನಿ, ನೀವು ಬರೋವರೆಗೂ."

"ಹಾಗಾದ್ರೆ ಡಾಕ್ಟರಿಗೆ ಫೋನ್ ಮಾಡು," ಅಂದರು ಅತ್ತಿಗೆ. "ಈಗಲೇ ಮಾಡು, ನನ್ನ ಮನಸ್ಸು ಬದಲಾಗೋದ್ರೊಳಗೆ."